ಜೂಕೋ ಮತ್ತು ಓಜಾಯ್: ಅಪ್ಪ-ಮಗನ ಎಳೆಯನ್ನಷ್ಟೇ ಹಿಡಿದು ನೋಡಲು ಯಾವ ಕಂತುಗಳು ಬೇಕು?

ಕಡೇಪುಟ
‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಎಂಬ ಕಾರ್ಟೂನ್ ಸರಣಿ 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ ನಿಕಲೋಡಿಯನ್‌ನಲ್ಲಿ ಬಂದದ್ದು. ಮೂರು ಸೀಸನ್, 20 + 20 + 21, ಒಟ್ಟು 61 ಕಂತು. ಒಮ್ಮೆ ಪೂರ್ತಿ ನೋಡಿದವರು ಎರಡನೇ ಸಲ ಫೈರ್ ನೇಷನ್‌ನಿಂದ ಗಡಿಪಾರಾದ ರಾಜಕುಮಾರ ಜೂಕೋ ಮತ್ತು ಅವನಪ್ಪ, ಅಲ್ಲಿನ ದೊರೆ (ಫೈರ್ ಲಾರ್ಡ್) ಓಜಾಯ್ ಕಥೆಯನ್ನಷ್ಟೇ ನೋಡಬೇಕೆಂದರೆ ಎಷ್ಟು ಕಂತು ಸಾಕು? ಸದ್ಯದ ಪಟ್ಟಿ ಹೀಗಿದೆ (ಮೊದಲ ಅಂಕಿ ಸೀಸನ್, ಎರಡನೆಯದು ಕಂತು): 1-12, 1-20, 2-1, 2-7, 2-20, 3-1, 3-11, 3-21.

ಎಂಟು ಕಂತು. ಒಂದಕ್ಕೆ 23 ನಿಮಿಷ ಅಂತ ಹಿಡಿದರೂ ಸುಮಾರು ಮೂರು ಗಂಟೆಯಲ್ಲಿ ಮುಗಿಯುತ್ತೆ. ಏನು ಸೇರಬೇಕು, ಏನು ತೆಗೆಯಬಹುದು? ಬಾಲ್ಯದ ಕಥೆ ಇರುವ 2-7ನ್ನು ಎಲ್ಲಕ್ಕಿಂತ ಮೊದಲು ಇಟ್ಟರೆ ಹೇಗೆ ಎಂಬುದೂ ಪ್ರಶ್ನೆ. ಕೊನೆಯವರೆಗಿನ ಎಲ್ಲ ಗುಟ್ಟೂ ಕೆಳಗೆ ರಟ್ಟಾಗುತ್ತೆ, ನೋಡದೇ ಇರುವವರು ಇಲ್ಲಿಂದಲೇ ವಾಪಸ್ ಹೋಗಿ.

ಗೂಬೆಗಣ್ಣು
2-9 (‘ಬಿಟರ್ ವರ್ಕ್’) ಇಲ್ಲದ ಪಟ್ಟಿ ನಡೆಯಲ್ಲ. 3-11ರಲ್ಲಿ ಓಜಾಯ್ ಮಗನ ಮೇಲೆ ಮಿಂಚು ಬಿಡ್ತಾನೆ, ಮಗ ಅದನ್ನು ಹಿಡಿದು ತಿರುಗಿಸಿ ಕಳಿಸ್ತಾನೆ. 2-9 ನೋಡದಿದ್ದರೆ ಅದು ಎಲ್ಲಿಂದಲೋ ಉದುರಿದ ಪವಾಡ ಅನ್ನಿಸುತ್ತೆ. ನೋಡಿದ್ದರೆ ಆ ಒಂದು ಚಲನೆಯಲ್ಲೇ ಇಡೀ ಸಂಬಂಧ ಕಾಣುತ್ತೆ.

2-9ರಲ್ಲಿ ಆಗೋದು ಇಷ್ಟು. ಚಿಕ್ಕಪ್ಪ... ತಪ್ಪಾಯ್ತು, ಐರೋ ಓಜಾಯ್‌ಗೆ ಅಣ್ಣ, ಹಾಗಾಗಿ ದೊಡ್ಡಪ್ಪ. ಇಂಗ್ಲಿಷ್‌ನ ‘ಅಂಕಲ್’ ಕೇಳಿ ಕೇಳಿ ಎಲ್ಲರೂ ಚಿಕ್ಕಪ್ಪ ಮಾಡಿಬಿಡ್ತೀವಿ. ಆದರೆ ಅವನು ಹಿರಿಯ, ಪಟ್ಟ ಅವನಿಗೇ ಬರಬೇಕಿತ್ತು ಅನ್ನೋದೇ ಕಥೆಯ ಬೇರು. ಇರಲಿ. ದೊಡ್ಡಪ್ಪ ಮೊದಲು ಮಿಂಚು ಹುಟ್ಟಿಸುವುದನ್ನು ಕಲಿಸಲು ನೋಡ್ತಾನೆ. ಅದಕ್ಕೆ ಮನಸ್ಸು ಪೂರ್ತಿ ತಣ್ಣಗಿರಬೇಕು. ಜೂಕೋ ಪ್ರಯತ್ನಿಸಿದಾಗಲೆಲ್ಲ ಅದು ಎದುರಿಗೇ ಸಿಡಿದು ಅವನನ್ನು ಹಿಂದಕ್ಕೆ ಎಸೆಯುತ್ತೆ. ಒಳಗಿನ ಅವಮಾನ ಬಿಡು ಅಂತ ಐರೋ ಹೇಳಿದರೆ, ನನಗೆ ಅವಮಾನವೇ ಇಲ್ಲ, ಹಿಂದೆಂದೂ ಇಲ್ಲದಷ್ಟು ಹೆಮ್ಮೆ ಇದೆ ಅಂತಾನೆ ಹುಡುಗ. ಆ ಹೆಮ್ಮೆಯೇ ಅವಮಾನದ ಮೂಲ ಅಂತ ಐರೋ ಉತ್ತರ.

ಆಮೇಲೆ ಎರಡನೇ ಪಾಠ: ಬಂದ ಮಿಂಚನ್ನು ದಾಟಿಸುವುದು. ನೀರನ್ನು ಪಳಗಿಸುವವರನ್ನು ನೋಡಿ ಐರೋ ತಾನೇ ಕಂಡುಕೊಂಡ ವಿದ್ಯೆ ಇದು. ಒಂದು ಕೈಬೆರಳಿಂದ ಒಳಗೆ ತಗೊಂಡು, ತೋಳು, ಭುಜ, ಅಲ್ಲಿಂದ ಹೊಟ್ಟೆಗೆ ಇಳಿಸಿ, ಮತ್ತೆ ಮೇಲೆತ್ತಿ ಇನ್ನೊಂದು ಕೈಯಿಂದ ಹೊರಗೆ. ಹೊಟ್ಟೆಗೆ ಇಳಿಸಲೇಬೇಕು, ಯಾಕಂದರೆ ನೇರ ದಾರಿಯಲ್ಲಿ ಹೋದರೆ ಎದೆ ಸಿಗುತ್ತೆ, ಪ್ರಾಣ ಹೋಗುತ್ತೆ. ಅಪ್ಪನಿಂದ ಬರುವುದನ್ನು ಎದೆಗೆ ತಾಕಿಸಿಕೊಳ್ಳದೆ ದಾಟಿಸು ಅನ್ನೋ ಮಾತನ್ನು ಅಂಗಸಾಧನೆಯ ಪಾಠವಾಗಿ ಬರೆದಿದ್ದಾರೆ.

ಕಾಲಾನುಕ್ರಮದ ಬಗ್ಗೆ: 2-7 ಮೊದಲು ಇಡಬೇಡಿ. ಅಮ್ಮ ಉರ್ಸಾ ಮಾಯವಾದ ರಾತ್ರಿ ಮೊದಲೇ ಗೊತ್ತಾದರೆ ಜೂಕೋ ಪಾಪದ ಹುಡುಗನಾಗಿ ಕಥೆಗೆ ಬರ್ತಾನೆ. ಸರಣಿ ಅವನನ್ನು ಕಿರಿಕಿರಿಯ ಸಿಡುಕನಾಗಿ 11 ಕಂತು ಓಡಿಸಿ, 12ರಲ್ಲಿ ಗಾಯದ ಕಾರಣ ಹೇಳುತ್ತೆ. ಆ ಲೆಕ್ಕ ತಪ್ಪಿಸಿದರೆ 12ಕ್ಕೆ ಹೊಡೆತವೇ ಇರಲ್ಲ.

ಅರೆನಿದ್ದೆ
1-3ರ ಎರಡನೇ ಅರ್ಧವನ್ನೂ ಹಾಕಿ. ‘ಅಗ್ನಿ ಕೈ’ ಎಂಬ ದ್ವಂದ್ವಯುದ್ಧದ ಪದ್ಧತಿ ಮೊದಲ ಬಾರಿ ಕಾಣುವುದು ಅಲ್ಲಿ, ಜೂಕೋ ಮತ್ತು ಫೈರ್ ನೇಷನ್‌ನ ಸೇನಾಧಿಕಾರಿ ಝಾವ್ ನಡುವೆ. (ಕನ್ನಡದವರಿಗೆ ಈ ಹೆಸರು ‘ಬೆಂಕಿಯ ಕೈ’ ಅಂತಲೇ ಕೇಳುತ್ತೆ. ಅಪ್ಪನ ಕೈ ಮಗನ ಮುಖದ ಮೇಲೆ ಏನು ಮಾಡಿತು ಅಂತ ನೆನೆದರೆ ಈ ಆಕಸ್ಮಿಕ ಚೆನ್ನಾಗಿಯೇ ಕೂತಿದೆ.) ಕೆಣಕುವ ಝಾವ್ ಹೇಳುವುದು ಏನು? ನಿನ್ನಪ್ಪನಿಗೆ ನೀನು ಬೇಕಾಗಿದ್ದರೆ ಅವತಾರ್ ಸಿಗಲಿ ಬಿಡಲಿ ಇಷ್ಟು ಹೊತ್ತಿಗೆ ಕರೆಸಿಕೊಳ್ಳುತ್ತಿದ್ದ ಅಂತ. (ನಾಲ್ಕೂ ಭೂತಗಳನ್ನು ಪಳಗಿಸಬಲ್ಲ ಅವತಾರ್‌ನನ್ನು ಹಿಡಿದು ತಂದರೆ ಮಾತ್ರ ಮನೆಗೆ ವಾಪಸ್ ಅನ್ನೋದು ಅಪ್ಪನ ಷರತ್ತು.) ಇಡೀ ಸರಣಿಯ ಸತ್ಯವನ್ನು ಮೂರನೇ ಕಂತಿನಲ್ಲೇ ಒಬ್ಬ ಖಳನ ಬಾಯಲ್ಲಿ ಹೇಳಿಸಿದ್ದಾರೆ, ಅದಕ್ಕೇ ಯಾರೂ ನಂಬಲ್ಲ.

ಗೆದ್ದ ಜೂಕೋ, ನೆಲಕ್ಕೆ ಬಿದ್ದ ಝಾವ್‌ನನ್ನು ಸುಡದೆ ಬಿಡ್ತಾನೆ. 12ನೇ ಕಂತಿಗೆ ಬಂದಾಗ ಇದು ನೆನಪಿರಬೇಕು: ಅಪ್ಪ ಮಂಡಿಯೂರಿದ ಮಗನನ್ನು ಬಿಡಲಿಲ್ಲ.

ಸುರುಳಿ
1-12 (‘ದ ಸ್ಟಾರ್ಮ್’) ಬಗ್ಗೆ ಒಂದೆರಡು ಗಮನಿಸಬೇಕಾದ ಸಂಗತಿ.

ಯುದ್ಧದ ಸಭೆಯಲ್ಲಿ ಒಬ್ಬ ಸೇನಾನಿ 41ನೇ ತುಕಡಿಯ ಹೊಸ ಸೈನಿಕರನ್ನು ಶತ್ರುವಿಗೆ ಎರೆಯಾಗಿ ಬಿಡುವ ಯೋಜನೆ ಹೇಳ್ತಾನೆ. 13 ವರ್ಷದ ಜೂಕೋ ಎದ್ದು ಇದು ದ್ರೋಹ ಅಂತಾನೆ. ದ್ವಂದ್ವಕ್ಕೆ ಒಪ್ಪುವಾಗ ಎದುರಾಳಿ ಆ ಸೇನಾನಿ ಅಂತಲೇ ಹುಡುಗನ ಲೆಕ್ಕ. ಕಣಕ್ಕೆ ಇಳಿದು ತಿರುಗಿ ನೋಡಿದರೆ ಅಪ್ಪ. ಸಭೆ ಫೈರ್ ಲಾರ್ಡ್‌ನದು, ಹಾಗಾಗಿ ಅವಮಾನವಾದದ್ದೂ ಫೈರ್ ಲಾರ್ಡ್‌ಗೆ ಅನ್ನೋದು ತರ್ಕ. ಹುಡುಗ ಹೊಡೆದಾಡಲ್ಲ, ಮಂಡಿಯೂರಿ ಅಳ್ತಾನೆ.

ಸುಡುವ ಕ್ಷಣ ಪರದೆಯ ಮೇಲೆ ಇಲ್ಲ. ಐರೋ ಮುಖ ತಿರುಗಿಸುವುದು, ತಂಗಿ ಅಜೂಲಾ ನಗುವುದು, ಒಂದು ಚೀರು, ಅಷ್ಟೇ. ಮಕ್ಕಳ ಚಾನೆಲ್‌ಗೆ ಇದ್ದ ಮಿತಿಯೇ ದೃಶ್ಯಕ್ಕೆ ಬಲವಾಯಿತು.

ಓಜಾಯ್ ಮುಖವನ್ನೂ ತೋರಿಸಲ್ಲ. ಮೊದಲ ಎರಡು ಸೀಸನ್ ಪೂರ್ತಿ ಅವನು ನೆರಳು, ಗಡ್ಡದ ತುದಿ, ಬೆಂಕಿಯ ಹಿಂದಿನ ಆಕೃತಿ, ಜೊತೆಗೆ ಮಾರ್ಕ್ ಹ್ಯಾಮಿಲ್ ಧ್ವನಿ. ಮುಖ ಬೆಳಕಿಗೆ ಬರುವುದು 3-1ರಲ್ಲಿ, ಅದೂ ಮಗನನ್ನು ಮೆಚ್ಚಿಕೊಳ್ಳುವ ದೃಶ್ಯದಲ್ಲಿ. ನಲವತ್ತು ಕಂತು ಕಾದದ್ದು ರಾಕ್ಷಸನಿಗೆ, ಕಂಡದ್ದು ಒಬ್ಬ ಸುಂದರ ಗಂಡಸು.

ಕಡೇಪುಟ
2-9, 1-3 ಎರಡೂ ಒಪ್ಪಿಗೆ. ದೊಡ್ಡಪ್ಪನ ತಿದ್ದುಪಡಿಯೂ.

ತಿಳಿಗಾಳಿ
ಪಟ್ಟಿಯಲ್ಲಿರುವ ದೊಡ್ಡ ತೂತು 3-9 ಮತ್ತು 3-18. ಇವೆರಡನ್ನು ಬಿಟ್ಟರೆ ಜೂಕೋ 3-11ರಲ್ಲಿ ಅಪ್ಪನನ್ನು ಬಿಟ್ಟು ಹೊರಟದ್ದು ಯಾಕೆ ಅಂತ ಗೊತ್ತಾಗೋದೇ ಇಲ್ಲ. ಹಳೇ ಗಾಯದ ಸಿಟ್ಟಿಗೆ ಹೊರಟ ಅನ್ನಿಸಿಬಿಡುತ್ತೆ.

3-9 (‘ನೈಟ್‌ಮೇರ್ಸ್ ಆ್ಯಂಡ್ ಡೇಡ್ರೀಮ್ಸ್’) ಬಹುಪಾಲು ಅವತಾರ್ ಹುಡುಗ ಆಂಗ್ ನಿದ್ದೆಗೆಟ್ಟು ಹುಚ್ಚುಹುಚ್ಚಾಗಿ ಆಡುವ ಹಾಸ್ಯ. ನಡುವೆ ಇರುವ ಜೂಕೋ ಭಾಗ ಮಾತ್ರ ಬೇಕು: ಯುದ್ಧದ ಸಭೆ ಇದೆ ಅಂತ ಗೊತ್ತಾಗುತ್ತೆ, ತನಗೆ ಕರೆ ಇಲ್ಲ ಅಂತ ಮುಖ ಸಪ್ಪೆಯಾಗುತ್ತೆ, ಆಮೇಲೆ ಎಲ್ಲರೂ ನಿನಗಾಗಿಯೇ ಕಾಯ್ತಿದ್ದಾರೆ ಅಂತ ಕರೆ ಬರುತ್ತೆ. ಅಪ್ಪನ ಬಲಗಡೆಯ ಆಸನ. ಸಭೆಯಲ್ಲಿ ನಡೆದದ್ದನ್ನು ತೋರಿಸಲ್ಲ. ಹೊರಗೆ ಬಂದ ಹುಡುಗ ಹೇಳುವುದು ಇಷ್ಟು: ಅಪ್ಪನಿಗೆ ಬೇಕಾದ ಮಗ ನಾನಾಗಿದ್ದೆ, ಆದರೆ ನಾನು ನಾನಾಗಿರಲಿಲ್ಲ.

ಒಳಗೆ ಏನಾಯಿತು ಅಂತ ಗೊತ್ತಾಗಲು ಒಂಬತ್ತು ಕಂತು ಕಾಯಬೇಕು. 3-18ರಲ್ಲಿ ಜೂಕೋ ಅದನ್ನು ಆಂಗ್ ಗುಂಪಿಗೆ ಹೇಳ್ತಾನೆ. ಅರ್ಥ್ ಕಿಂಗ್‌ಡಮ್‌ನ ಜನ ಹೆಮ್ಮೆಯವರು, ಭರವಸೆ ಇರುವವರೆಗೆ ಏನನ್ನೂ ತಡೆದುಕೊಳ್ತಾರೆ ಅಂತ ಅವನೇ ಸಭೆಯಲ್ಲಿ ಅಂದಿರ್ತಾನೆ. ಓಜಾಯ್ ತಲೆಯಾಡಿಸಿ, ಸರಿ, ಹಾಗಾದರೆ ಆ ಭರವಸೆಯನ್ನೇ ನಾಶ ಮಾಡಬೇಕು ಅಂತಾನೆ. ಅಜೂಲಾ ಎಲ್ಲವನ್ನೂ ಸುಟ್ಟುಬಿಡಿ ಅಂತ ದಾರಿ ತೋರಿಸ್ತಾಳೆ. ಮಗನ ಮಾತನ್ನೇ ತಿರುಚಿ ಒಂದು ಖಂಡವನ್ನು ಸುಡುವ ಯೋಜನೆ ಹುಟ್ಟಿತು. ಮಗ ಬಾಯಿ ಬಿಡಲಿಲ್ಲ.

1-12ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅದೇ ಥರದ ಸಭೆ. 13ರಲ್ಲಿ ಕರೆಯದೇ ನುಗ್ಗಿದವನು ಒಂದು ತುಕಡಿಗಾಗಿ ಮಾತಾಡಿದ, ಮುಖ ಸುಟ್ಟುಕೊಂಡ. 16ರಲ್ಲಿ ಮರ್ಯಾದೆಯಿಂದ ಕರೆಸಿಕೊಂಡು ಬಲಗಡೆ ಕೂತವನು ಲಕ್ಷಾಂತರ ಜನರ ವಿಷಯದಲ್ಲಿ ಸುಮ್ಮನಿದ್ದ. ಅಪ್ಪ ಕಲಿಸಬೇಕೆಂದಿದ್ದ ಪಾಠ ಅಂದು ಪೂರ್ತಿಯಾಯಿತು, ಹುಡುಗ ಕಲಿತೇಬಿಟ್ಟಿದ್ದ. ಅವನು ಹೊರಟದ್ದು ಅಪ್ಪ ಕೊಟ್ಟ ಗಾಯಕ್ಕಲ್ಲ, ಅಪ್ಪ ಕೊಟ್ಟ ಆಸನದಲ್ಲಿ ತಾನು ಏನಾದೆ ಅಂತ ಕಂಡದ್ದಕ್ಕೆ.

ಹೀಗೆ ಎರಡು ತುಂಡು ಮಾಡಿದ್ದರಲ್ಲಿ ಒಂದು ತೊಂದರೆಯೂ ಇದೆ. 3-18 ಬರುವ ಹೊತ್ತಿಗೆ 3-9 ಮರೆತಿರುತ್ತೆ. ಹಾಗಾಗಿ ಎಳೆ ಹಿಡಿದು ನೋಡುವವರು ಇಲ್ಲಿ ಮಾತ್ರ ಕ್ರಮ ಮುರಿಯಬಹುದು: 3-11 ನೋಡುವ ಮೊದಲು 1-12ರ ಸಭೆಯ ದೃಶ್ಯವನ್ನು ಮತ್ತೊಮ್ಮೆ ಹಾಕಿ. 3-18ರದನ್ನು ಅಲ್ಲೇ ಬಿಡಿ, ಮುಂದಕ್ಕೆ ಎಳೆಯಬೇಡಿ.

ಗೂಬೆಗಣ್ಣು
ತಿಳಿಗಾಳಿ ಅವರ ಮಾತಿಗೆ ಒಂದು ಸೇರಿಕೆ. ಕೂರುವ ನಿಲ್ಲುವ ಭಂಗಿಗಳನ್ನು ಗಮನಿಸಿ. 1-12ರಲ್ಲಿ ಮಗ ಮಂಡಿಯೂರಿದ್ದಾನೆ. 3-1ರಲ್ಲೂ ಮಂಡಿಯೂರಿದ್ದಾನೆ, ಅಪ್ಪ ಸುತ್ತ ನಡೆಯುತ್ತಾ ಹೊಗಳ್ತಾನೆ. 3-11ರಲ್ಲಿ ನಿಂತಿದ್ದಾನೆ. 3-21ರಲ್ಲಿ ಅಪ್ಪ ಸೆರೆಮನೆಯ ನೆಲದ ಮೇಲೆ, ಮಗ ಸರಳಿನಾಚೆ ನಿಂತು.

ಇನ್ನೊಂದು, 3-1ರ ಹೊಗಳಿಕೆಯಲ್ಲೂ ವಿಷ ಇದೆ. ಅವತಾರ್‌ನನ್ನು ಕೊಂದದ್ದು ಜೂಕೋ ಅಂತ ಅಜೂಲಾ ಅಪ್ಪನಿಗೆ ಸುಳ್ಳು ಹೇಳಿರ್ತಾಳೆ. ಅವತಾರ್ ಬದುಕಿದ್ದರೆ ಈ ಕೀರ್ತಿಯೆಲ್ಲ ತಿರುಗಿ ಅವಮಾನವಾಗಿ ಜೂಕೋ ತಲೆಗೇ ಬರುತ್ತೆ. ಮೂರು ವರ್ಷ ಹಂಬಲಿಸಿದ ಮೆಚ್ಚುಗೆ ಸಿಕ್ಕಿತು, ಬೇರೆಯವರ ಕೆಲಸಕ್ಕೆ, ಅದೂ ಆಗದೇ ಇರುವ ಕೆಲಸಕ್ಕೆ.

ಮಸಿಕುಡಿಕೆ
ಎಲ್ಲರೂ ಓಜಾಯ್‌ನನ್ನು ಬಹಳ ಆಳದ ಪಾತ್ರ ಮಾಡ್ತಿದ್ದೀರಿ. ಅವನು ಚಪ್ಪಟೆ ಪಾತ್ರ. ಹಿನ್ನೆಲೆ ಇಲ್ಲ, ದ್ವಂದ್ವ ಇಲ್ಲ, ಮಗನ ಬಗ್ಗೆ ಒಂದು ಕ್ಷಣದ ಹಿಂಜರಿಕೆ ಇಲ್ಲ. ಇಂಥ ಅಪ್ಪನ ಜೊತೆಗಿನದ್ದನ್ನು ‘ಹದಗೆಟ್ಟ ಸಂಬಂಧ’ ಅನ್ನೋದೇ ತಪ್ಪು, ಸಂಬಂಧ ಅಂತ ಇತ್ತಾದರೂ ಎಲ್ಲಿ?

ತಿಳಿಗಾಳಿ
ಚಪ್ಪಟೆ ಅನ್ನೋದನ್ನು ಅರ್ಧ ಒಪ್ಪಬಹುದು. ಹಿನ್ನೆಲೆ ಇಲ್ಲ ಅನ್ನೋದು ಸರಿಯಲ್ಲ. 2-7ರಲ್ಲಿ ಓಜಾಯ್ ತನ್ನಪ್ಪ ಅಜೂಲಾನ್ ಮುಂದೆ ಮಂಡಿಯೂರಿ ಕೂತ ದೃಶ್ಯ ನೋಡಿ. ಮೊದಲು ಮಕ್ಕಳಿಂದ ಬೆಂಕಿಯ ಪ್ರದರ್ಶನ ಮಾಡಿಸ್ತಾನೆ. ಅಜೂಲಾ ಮಿಂಚ್ತಾಳೆ, ಜೂಕೋ ಎಡವಿ ಬೀಳ್ತಾನೆ. ಆಮೇಲೆ ಓಜಾಯ್ ಕೇಳುವುದು: ಅಣ್ಣನ ಮಗ ಲೂ ಟೆನ್ ಸತ್ತ, ಅಣ್ಣನಿಗೆ ವಾರಸುದಾರರಿಲ್ಲ, ಪಟ್ಟ ನನಗೆ ಬರಲಿ. ಅಜೂಲಾನ್ ಕೆರಳ್ತಾನೆ. ಚೊಚ್ಚಲ ಮಗನನ್ನು ಕಳಕೊಳ್ಳುವ ನೋವು ನಿನಗೂ ಗೊತ್ತಾಗಲಿ ಅನ್ನೋದು ಅವನ ಶಿಕ್ಷೆ. ಅಂದರೆ ಅಜ್ಜ ಅಪ್ಪನನ್ನು ಶಿಕ್ಷಿಸಲು ಮೊಮ್ಮಗನನ್ನು ಉಪಯೋಗಿಸ್ತಾನೆ. ಮಕ್ಕಳನ್ನು ಪಣವಾಗಿ ಇಡುವುದು ಆ ಮನೆಯಲ್ಲಿ ಓಜಾಯ್‌ನಿಂದ ಶುರುವಾದದ್ದಲ್ಲ.

3-18ರಲ್ಲಿ ಇನ್ನೊಂದು ಚಿಕ್ಕ ದೃಶ್ಯ. ಎಲ್ಲರೂ ಎಂಬರ್ ದ್ವೀಪದಲ್ಲಿ ಅಡಗಿರುವ ಮನೆ ಓಜಾಯ್ ಕುಟುಂಬದ್ದೇ ಹಳೇ ಬೀಚ್ ಮನೆ. ಆಂಗ್ ಗುಂಪಿನ ಕಟಾರಾಗೆ ಅಲ್ಲೊಂದು ಕೂಸಿನ ಚಿತ್ರ ಸಿಗುತ್ತೆ, ಜೂಕೋ ಎಷ್ಟು ಮುದ್ದಾಗಿದ್ದಾನೆ ಅಂತ ಎಲ್ಲರಿಗೂ ತೋರಿಸ್ತಾಳೆ. ಅದು ನಾನಲ್ಲ, ನನ್ನಪ್ಪ ಅಂತಾನೆ ಜೂಕೋ. ಹತ್ತು ಸೆಕೆಂಡಿನ ಮಾತು, ಆದರೆ ನೀವು ಕೇಳಿದ ಆಳ ಅಲ್ಲಿದೆ.

ಸುರುಳಿ
ಚಪ್ಪಟೆಯಾಗಿ ಬಿಟ್ಟದ್ದೇ ಲೇಸು ಅನ್ನೋ ವಾದವೂ ಇದೆ. ಓಜಾಯ್‌ಗೆ ಒಂದು ಕಣ್ಣೀರಿನ ದೃಶ್ಯ ಕೊಟ್ಟಿದ್ದರೆ ನೋಡುವವರು ಜೂಕೋ ವಾಪಸ್ ಹೋಗಲಿ ಅಂತ ಬಯಸುತ್ತಿದ್ದರು. ಹಿರಣ್ಯಕಶಿಪುವಿಗೂ ಪಶ್ಚಾತ್ತಾಪದ ಅಂಕ ಇಲ್ಲ. ವ್ಯತ್ಯಾಸ ಮಗನಲ್ಲಿ: ಪ್ರಹ್ಲಾದನಿಗೆ ಗರ್ಭದಲ್ಲೇ ಸತ್ಯ ಗೊತ್ತಿತ್ತು, ಜೂಕೋಗೆ ಅದು ತಿಳಿಯಲು 51 ಕಂತು ಬೇಕಾಯಿತು. ನಡುವೆ 2-20ರಲ್ಲಿ ತಪ್ಪು ಕಡೆ ಸೇರಿ ದೊಡ್ಡಪ್ಪನನ್ನೇ ಸೆರೆಗೆ ಕೊಟ್ಟ.

ಮಸಿಕುಡಿಕೆ
2-20ರ ಆ ತಿರುವೇ ಬಲವಂತದ್ದು. ಆಗಷ್ಟೇ ಒಳ್ಳೆಯವನಾಗ್ತಿದ್ದ, ಅಜೂಲಾ ಒಂದು ನಿಮಿಷ ಮಾತಾಡಿದಳು, ಬಿದ್ದುಬಿಟ್ಟ.

ಗೂಬೆಗಣ್ಣು
2-17, 2-18, 2-19 ಬಿಟ್ಟು 2-20ಕ್ಕೆ ಹಾರಿದರೆ ಹಾಗೇ ಕಾಣುತ್ತೆ. 2-17ರಲ್ಲಿ ಅವನು ಅಪ್ಪಾನನ್ನು (ಆಂಗ್‌ನ ಹಾರುವ ಕೋಣ, ನಮ್ಮ ಅಪ್ಪ ಅಲ್ಲ) ಬಿಡಿಸಿ ಕಳಿಸ್ತಾನೆ. ಅದಾದ ತಕ್ಷಣ, 2-18ರಲ್ಲಿ, ಜ್ವರ ಬಂದು ಬೀಳ್ತಾನೆ. ತಾನು ಮಾಡಿದ್ದಕ್ಕೂ ತನ್ನ ಬಗ್ಗೆ ತಾನಿಟ್ಟುಕೊಂಡ ಚಿತ್ರಕ್ಕೂ ಜಗಳ ಹತ್ತಿ ಮೈ ಕಾದಿದೆ ಅಂತ ಐರೋ ವಿವರಿಸ್ತಾನೆ. 2-19ರಲ್ಲಿ ಜ್ವರ ಇಳಿದಾಗ ಹುಡುಗ ವಿಪರೀತ ಖುಷಿಯಾಗಿ ಏಳ್ತಾನೆ, ಗಂಜಿಯ ವಾಸನೆಗೂ ನಗ್ತಾನೆ. ಇದು ಗುಣವಾದ ಲಕ್ಷಣ ಅಂತ ಓದಿದವರು ಮೋಸಹೋಗ್ತಾರೆ. ಅಪ್ಪನ ಮೆಚ್ಚುಗೆ ಬೇಕು ಅನ್ನೋ ಹಸಿವು ಹಾಗೇ ಇದೆ, ಮೇಲೆ ಚಹಾ ಅಂಗಡಿಯ ನೆಮ್ಮದಿ ಹೊದಿಸಿದೆ ಅಷ್ಟೇ. ಅಜೂಲಾ ಸರಿಯಾಗಿ ಅದಕ್ಕೇ ಬೆಲೆ ಕಟ್ತಾಳೆ: ಈ ದಿನ ಮುಗಿಯುವಷ್ಟರಲ್ಲಿ ನಿನ್ನ ಮಾನ, ಅಪ್ಪನ ಪ್ರೀತಿ, ಎರಡೂ ಸಿಗುತ್ತೆ.

‘ಮಾನ’ ಅಂದೆ. ಕನ್ನಡದಲ್ಲಿ ಬರೆಯುವವರು ಜೂಕೋ ಸದಾ ಜಪಿಸುವ ‘ಆನರ್’ಗೆ ‘ಗೌರವ’ ಅಂತ ಹಾಕ್ತಾರೆ, ಬೇಡ. ಗೌರವ ಕೊಡುವಂಥದ್ದು, ಮಾನ ಹೋಗುವಂಥದ್ದು. ಅಗ್ನಿ ಕೈಯಲ್ಲಿ ಓಜಾಯ್ ಕಲಿಸುತ್ತೇನೆ ಅನ್ನೋದು ಗೌರವ, ಜೂಕೋ ಹುಡುಕುವುದು ಮಾನ. ಎರಡಕ್ಕೂ ಒಂದೇ ಪದ ಹಾಕಿದರೆ ಅಪ್ಪ-ಮಗ ಬೇರೆಬೇರೆ ವಿಷಯ ಮಾತಾಡ್ತಿದ್ದಾರೆ ಅನ್ನೋದೇ ಅಳಿಸಿಹೋಗುತ್ತೆ.

ಅರೆನಿದ್ದೆ
ಈಗ 3-11 (‘ದ ಡೇ ಆಫ್ ಬ್ಲ್ಯಾಕ್ ಸನ್’ ಎರಡನೇ ಭಾಗ). ಗ್ರಹಣ ಎಂಟು ನಿಮಿಷ. ಅಷ್ಟು ಹೊತ್ತು ಬೆಂಕಿ ಪಳಗಿಸುವ ಯಾರಿಗೂ ಶಕ್ತಿ ಇರಲ್ಲ. ಜೂಕೋ ಆ ಹೊತ್ತನ್ನೇ ಆರಿಸಿ, ಕತ್ತಿ ಹಿಡಿದು ನೆಲದಡಿಯ ಅಡಗುದಾಣಕ್ಕೆ ಬರ್ತಾನೆ. ಕೊಲ್ಲಲು ಬಂದಿಲ್ಲ. ಅಪ್ಪ ಎದ್ದುಹೋಗದಂತೆ, ಸುಡದಂತೆ ಮಾಡಿ, ಪೂರ್ತಿ ಕೇಳಿಸಿಕೊಳ್ಳುವಂತೆ ಮಾಡಲು ಬಂದಿದ್ದಾನೆ. 13 ವರ್ಷದ ಹುಡುಗನನ್ನು ದ್ವಂದ್ವಕ್ಕೆ ಕರೆದದ್ದು ಕ್ರೌರ್ಯ, ತಪ್ಪು ಅಂತ ನೇರ ಮುಖಕ್ಕೆ ಹೇಳ್ತಾನೆ. ನಿಜವಾದ ಅಪ್ಪ ಐರೋ ಅಂತಲೂ.

ಓಜಾಯ್ ಮಾಡುವ ತಂತ್ರ ನೋಡಿ. ಧೈರ್ಯ ಇದ್ದರೆ ಸೂರ್ಯ ಬರುವವರೆಗೆ ನಿಲ್ಲು ಅಂತಾನೆ. ಕೆಲಸ ಮಾಡಲ್ಲ. ಆಮೇಲೆ ನಿನ್ನಮ್ಮನಿಗೆ ಏನಾಯ್ತು ಗೊತ್ತಾಗಬೇಡವೇ ಅಂತಾನೆ. ಮಗ ನಿಲ್ತಾನೆ. ಉರ್ಸಾ ಮಗನ ಜೀವ ಉಳಿಸಲು ಏನೋ ಏರ್ಪಾಟು ಮಾಡಿ, ಗಂಡನಿಗೆ ಪಟ್ಟ ಸಿಗುವಂತೆ ಮಾಡಿ, ಗಡಿಪಾರಾದಳು ಅನ್ನೋದು ಆಗ ಗೊತ್ತಾಗುತ್ತೆ. ಆ ಸತ್ಯವನ್ನೇ ಹೊತ್ತು ಕಳೆಯಲು ಬಳಸಿ, ಗ್ರಹಣ ಬಿಟ್ಟ ಕೂಡಲೇ ಮಿಂಚು ಬಿಡ್ತಾನೆ. ಹೇಳಿದ್ದು ನಿಜ, ಹೇಳಿದ ಕಾರಣ ಕೊಲೆ. ಈ ಅಪ್ಪನ ಬಗ್ಗೆ ಇದಕ್ಕಿಂತ ಬೇರೆ ವಿವರ ಬೇಡ.

ತಿಳಿಗಾಳಿ
ಅದಾದ ಮೇಲೆ 3-13 ಮರೆಯಬೇಡಿ. ಆಂಗ್‌ಗೆ ಕಲಿಸಲು ಹೋದರೆ ಜೂಕೋ ಕೈಯಿಂದ ಬೆಂಕಿಯೇ ಸರಿಯಾಗಿ ಬರಲ್ಲ. ಅವನ ಬೆಂಕಿ ಉರಿಯುತ್ತಿದ್ದದ್ದು ಸಿಟ್ಟಿನಿಂದ, ಆ ಸಿಟ್ಟು ಈಗ ಇಲ್ಲ. ಅಪ್ಪನನ್ನು ಬಿಟ್ಟು ಬಂದವನಿಗೆ ಅಪ್ಪ ತುಂಬಿದ್ದ ಇಂಧನವೂ ಖಾಲಿ. ಬೇರೆ ಮೂಲ ಹುಡುಕಿಕೊಂಡು ಇಬ್ಬರೂ ಸನ್ ವಾರಿಯರ್ಸ್ ಇರುವಲ್ಲಿಗೆ, ಡ್ರ್ಯಾಗನ್‌ಗಳ ಬಳಿ ಹೋಗ್ತಾರೆ. ಮನೆ ಬಿಟ್ಟ ಕೂಡಲೇ ಎಲ್ಲ ಸರಿಹೋಯಿತು ಅಂತ ತೋರಿಸದೆ, ಬಿಟ್ಟದ್ದರ ಬೆಲೆ ಏನು ಅಂತ ಲೆಕ್ಕ ಹಾಕಿದ ಕಂತು ಇದೊಂದೇ.

ಮಸಿಕುಡಿಕೆ
ಇದು ಒಪ್ಪಿದೆ. ಆದರೆ ಐರೋ ಬಗ್ಗೆ ಯಾರೂ ಕೇಳ್ತಿಲ್ಲ. ಹುಡುಗನನ್ನು ಆ ಸಭೆಯೊಳಗೆ ಬಿಟ್ಟವನೇ ಅವನು. ಕಣದಲ್ಲಿ ಮುಖ ತಿರುಗಿಸಿದವನೂ ಅವನೇ.

ಸುರುಳಿ
ಹೌದು, ಆ ಋಣ ತೀರಿಸುವುದಕ್ಕೇ ಗಡಿಪಾರಾದ ಹುಡುಗನ ಜೊತೆ ಹಡಗು ಹತ್ತಿದ ಅಂತ ಓದಬಹುದು. 1-19ರಲ್ಲಿ, ಮಗನನ್ನು ಕಳಕೊಂಡ ಮೇಲೆ ನಿನ್ನನ್ನೇ ಮಗ ಅಂದುಕೊಂಡಿದ್ದೇನೆ ಅಂತ ಹೇಳ್ತಾನೆ. 3-19ರಲ್ಲಿ ಜೂಕೋ ಕ್ಷಮೆ ಕೇಳಲು ಶುರುಮಾಡ್ತಾನೆ, ಮಾತು ಮುಗಿಯುವ ಮೊದಲೇ ಐರೋ ಎಳೆದು ತಬ್ಬಿಕೊಳ್ತಾನೆ. ಒಬ್ಬ ಅಪ್ಪನಿಗೆ ಮಂಡಿಯೂರಿ ಬೇಡಿದರೂ ಸಿಗದ್ದು, ಇನ್ನೊಬ್ಬನಲ್ಲಿ ವಾಕ್ಯ ಮುಗಿಸುವ ಮೊದಲೇ ಸಿಕ್ಕಿತು. ಪಟ್ಟಿಗೆ 3-19 ಸೇರಿಸಿ.

ಕಡೇಪುಟ
3-21ರ ಸೆರೆಮನೆ ದೃಶ್ಯ ಅಮ್ಮ ಎಲ್ಲಿ ಎಂಬ ಪ್ರಶ್ನೆಯಲ್ಲೇ ಕತ್ತರಿಸಿಹೋಗುತ್ತಲ್ಲ. ಮುಂದಿನದಕ್ಕೆ ಕಾಮಿಕ್ಸ್ ಓದಲೇಬೇಕೇ? 2024ರ ನೆಟ್‌ಫ್ಲಿಕ್ಸ್ ಆವೃತ್ತಿ?

ಅರೆನಿದ್ದೆ
ಕಾಮಿಕ್ಸ್ ಎರಡು ಸಾಕು, ಎರಡೂ ಜೀನ್ ಲುಯೆನ್ ಯಾಂಗ್ ಬರೆದದ್ದು. ‘ದ ಪ್ರಾಮಿಸ್’ನಲ್ಲಿ (2012) ಹೊಸ ಫೈರ್ ಲಾರ್ಡ್ ಜೂಕೋ ರಾಜ್ಯಭಾರದ ಸಲಹೆಗಾಗಿ ಸೆರೆಯಲ್ಲಿರುವ ಅಪ್ಪನ ಬಳಿಗೇ ಹೋಗ್ತಾನೆ. ಬಿಟ್ಟ ಅಭ್ಯಾಸ ಹೇಗೆ ಹಿಂಬಾಗಿಲಿಂದ ಬರುತ್ತೆ ಅಂತ ನೋಡಲು ಚೆನ್ನಾಗಿದೆ. ‘ದ ಸರ್ಚ್’ (2013) ಉರ್ಸಾ ಕಥೆ. ಅದರಲ್ಲಿ ಜೂಕೋ ಓಜಾಯ್ ಮಗನೇ ಅಲ್ಲ ಅನ್ನುವ ಒಂದು ಪತ್ರ ಬರುತ್ತೆ. ಅಷ್ಟಕ್ಕೇ ಪುಸ್ತಕ ಮುಚ್ಚಿ ತೀರ್ಮಾನಿಸಬೇಡಿ: ಗಂಡ ತನ್ನ ಪತ್ರಗಳನ್ನು ಕದ್ದು ಓದ್ತಿದ್ದಾನೋ ಎಂದು ಪರೀಕ್ಷಿಸಲು ಉರ್ಸಾ ಬರೆದ ಸುಳ್ಳು ಅದು.

ನೆಟ್‌ಫ್ಲಿಕ್ಸ್‌ನಲ್ಲಿ ಓಜಾಯ್ ಮುಖ ಮೊದಲ ಸೀಸನ್‌ನಲ್ಲೇ ಕಾಣುತ್ತೆ, ಅಗ್ನಿ ಕೈಯಲ್ಲಿ ಹುಡುಗ ಹೊಡೆದಾಡ್ತಾನೆ. ಎರಡೂ ಬೇರೆ ಕಥೆ. ಒಂದು ಬದಲಾವಣೆ ಮಾತ್ರ ಮೂಲಕ್ಕಿಂತ ಚೂಪು: ಗಡಿಪಾರಾದ ಜೂಕೋ ಹಡಗಿನ ಸಿಬ್ಬಂದಿಯೇ ಅವನು ಉಳಿಸಿದ 41ನೇ ತುಕಡಿ.

ಕಡೇಪುಟ
ಸರಿ, ಹೊಸ ಪಟ್ಟಿ: 1-3 (ಅರ್ಧ), 1-12, 1-20, 2-1, 2-7, 2-9, 2-17, 2-18, 2-19, 2-20, 3-1, 3-9 (ಜೂಕೋ ಭಾಗ), 3-11, 3-13, 3-18, 3-19, 3-21. ಮೂರು ಗಂಟೆ ಆರಾಯಿತು. 1-20 ತೆಗೆಯಬಹುದೇ?

ಗೂಬೆಗಣ್ಣು
ಬೇಡ. ಹಿಮದ ಗುಹೆಯಲ್ಲಿ ಪ್ರಜ್ಞೆ ಇಲ್ಲದ ಆಂಗ್ ಮುಂದೆ ಕೂತು ಜೂಕೋ, ಅಪ್ಪ ತಂಗಿಯನ್ನು ಅದೃಷ್ಟವಂತೆಯಾಗಿ ಹುಟ್ಟಿದವಳು ಅಂತಾನೆ, ನನ್ನನ್ನು ಹುಟ್ಟಿದ್ದೇ ಅದೃಷ್ಟ ಅಂತಾನೆ ಅಂತ ಹೇಳಿಕೊಳ್ಳುವುದು ಅಲ್ಲೇ. ಉತ್ತರಿಸಲಾಗದ ಒಬ್ಬನ ಮುಂದೆ ಮಾತ್ರ ಬಾಯಿಬಿಟ್ಟ. ತೆಗೆಯಲೇಬೇಕೆಂದರೆ 2-1 ತೆಗೆಯಿರಿ, ಜುಟ್ಟು ಕತ್ತರಿಸಿಕೊಳ್ಳುವ ಕೊನೆಯ ನಿಮಿಷವನ್ನಷ್ಟೇ ನೋಡಿ.

ಕಡೇಪುಟ
3-17, ನಾಟಕದ ಕಂತು?

ಸುರುಳಿ
ಎಳೆಗೆ ಬೇಕಿಲ್ಲ. ಆದರೂ ಕೊನೆಯ ಐದು ನಿಮಿಷ ನೋಡಿ. ರಂಗದ ಮೇಲೆ ವೇಷಧಾರಿ ಜೂಕೋ ಸಾಯ್ತಾನೆ, ಓಜಾಯ್ ಗೆಲ್ತಾನೆ, ಫೈರ್ ನೇಷನ್‌ನ ಪ್ರೇಕ್ಷಕರು ಎದ್ದು ಚಪ್ಪಾಳೆ ಹೊಡೀತಾರೆ. ಮೇಲಿನ ಸಾಲಿನಲ್ಲಿ ಅಸಲಿ ಜೂಕೋ ಕೂತಿರ್ತಾನೆ.